ಮಧುಸೂದನನ ಸಕ್ಕರೆಗೆ ಬೆಲ್ಲದ ಔಷಧ

ಮಧುಸೂದನನಿಗೆ ಸಕ್ಕರೆ ಕಾಯಿಲೆ ಬಂದದ್ದು ಆಯುಧಪೂಜೆಯ ದಿನ ಸಾಯಂಕಾಲ, ಮನೆ ಮಾಲೀಕರ ಹೆಂಡತಿ ಮಾಡಿದ ಮೈಸೂರುಪಾಕಿನಿಂದ. ತಿಂದು ಬಂದದ್ದಲ್ಲ, ತಿನ್ನದೆ ತಪ್ಪಿಸಿಕೊಳ್ಳಲು ಹೋಗಿ ಬಂದದ್ದು. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಇಂಥ ಪ್ರಕರಣ ಸಿಗುವುದು ಅನುಮಾನವಾದ್ದರಿಂದ ನಡೆದದ್ದನ್ನು ನಡೆದಂತೆಯೇ ಹೇಳಿಬಿಡುವುದು ಒಳ್ಳೆಯದು.

ಚಾಮರಾಜಪೇಟೆಯ ಒಂದು ಹಳೆಯ ಮನೆಯ ಮಹಡಿಯ ಮೇಲೆ ಮಧುಸೂದನ ಮತ್ತು ಸುಪ್ರಜಾ ಬಾಡಿಗೆಗಿದ್ದರು. ಅವನು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ, ಅವಳು ಬಸವನಗುಡಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ. ಮಧುಸೂದನ ಒಳ್ಳೆಯ ಮನುಷ್ಯ. ಅವನಲ್ಲಿ ಎರಡೇ ಕೊರತೆ. ಮೊದಲನೆಯದು, ಎದುರಿಗಿರುವವರಿಗೆ ‘ಬೇಡ’ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಬಾಗಿಲಿಗೆ ಬಂದ ಯಾರನ್ನೂ ಬರಿಗೈಯಲ್ಲಿ ಕಳಿಸಲಾರದೆ ಇಬ್ಬರೇ ಇರುವ ಮನೆಗೆ ಮೂರು ವಾಟರ್ ಫಿಲ್ಟರ್ ಹಾಕಿಸಿದ್ದ. ಎರಡನೆಯದು, ಸೂಜಿ. ಕೊರೊನಾ ಲಸಿಕೆಯ ಕಾಲದಲ್ಲಿ ಸಾಲಿನಲ್ಲಿ ಮುಂದಿದ್ದವನಿಗೆ ಚುಚ್ಚಿದ್ದನ್ನು ನೋಡಿಯೇ ಇವನು ಕೆಳಗೆ ಬಿದ್ದಿದ್ದ.

ಕೆಳಗಿನ ಮನೆಯಲ್ಲಿ ಮಾಲೀಕರಾದ ಶಿವರುದ್ರಪ್ಪನವರು. ತರಗುಪೇಟೆಯಲ್ಲಿ ತಾತನ ಕಾಲದ ಬೆಲ್ಲದ ಮಂಡಿ. ಹಣೆಯ ತುಂಬ ವಿಭೂತಿ, ಬಿಳಿ ಪಂಚೆ, ಸುಮ್ಮನೆ ಮಾತಾಡಿದರೂ ಪಕ್ಕದ ರಸ್ತೆಗೆ ಕೇಳುವ ಗಂಟಲು. ರಸ್ತೆಯ ನಿವಾಸಿಗಳ ಸಂಘಕ್ಕೂ ಅವರೇ ಅಧ್ಯಕ್ಷರು. ಅವರ ಹೆಂಡತಿ ದಾಕ್ಷಾಯಣಮ್ಮನವರ ಕೈ ಅಡುಗೆ ಎಂದರೆ ಇಡೀ ರಸ್ತೆಗೆ ಅಚ್ಚುಮೆಚ್ಚು. ಅವರ ಹೋಳಿಗೆ ಬಾಯಲ್ಲಿಟ್ಟರೆ ಕರಗುತ್ತಿತ್ತು. ಮೈಸೂರುಪಾಕು ಮಾತ್ರ ಯಾವ ಕಾರಣಕ್ಕೋ ಬೇರೆ ಜಾತಿಗೆ ಸೇರಿತ್ತು. ಅದನ್ನು ಅಂಗಳದಲ್ಲಿ ಹಾಸಿದ್ದರೆ ಮೂರು ತಲೆಮಾರಿನವರೆಗೆ ಸವೆಯುತ್ತಿರಲಿಲ್ಲ. ಈ ಸಂಗತಿ ಎಲ್ಲರಿಗೂ ಗೊತ್ತಿದ್ದು, ದಾಕ್ಷಾಯಣಮ್ಮನವರಿಗೆ ಮಾತ್ರ ಗೊತ್ತಿರಲಿಲ್ಲ.

ಆಯುಧಪೂಜೆಗೆ ಸ್ವಲ್ಪ ಮೊದಲು ಮಧುಸೂದನ ಬಲಗಡೆಯ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಹೊಸ ಕ್ಯಾಪ್ ಹಾಕಿಸಿಕೊಂಡಿದ್ದ. ಗಟ್ಟಿ ಪದಾರ್ಥ ಕಚ್ಚಿದರೆ ನನ್ನ ಜವಾಬ್ದಾರಿಯಲ್ಲ ಎಂದು ಹಲ್ಲಿನ ಡಾಕ್ಟರು ಕೈ ಮುಗಿದು ಕಳಿಸಿದ್ದರು. ಸ್ಕೂಟರಿಗೆ ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಗೇಟಿನೊಳಗೆ ತರುವಷ್ಟರಲ್ಲಿ ದಾಕ್ಷಾಯಣಮ್ಮನವರು ತಟ್ಟೆ ಹಿಡಿದು ನಿಂತಿದ್ದರು.

"ತಗೋ ಮಧು, ಬಿಸಿ ಬಿಸಿ ಇದೆ. ತುಪ್ಪ ಮನೇದೇ."

ಮಧುಸೂದನ ಒಂದು ತುಂಡನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದ. ನೋವಾದದ್ದು ಹೆಬ್ಬೆರಳಿಗೆ.

"ಆಮೇಲೆ ತಿಂತೀನಮ್ಮ."

"ಆಮೇಲೆ ಏನು? ನನ್ನೆದುರಿಗೇ ತಿನ್ನು. ನೀನು ತಿನ್ನೋದು ನೋಡಿದ್ರೇನೆ ನಂಗೆ ಹಬ್ಬ."

ಅವನ ಕಣ್ಣಮುಂದೆ ಹಲ್ಲಿನ ಡಾಕ್ಟರ ಮುಗಿದ ಕೈ ಬಂದು ನಿಂತಿತು. ‘ಬೇಡ’ ಎನ್ನುವ ಮಾತು ಗಂಟಲವರೆಗೆ ಬಂದು, ಅಲ್ಲಿ ಅಭ್ಯಾಸವಿಲ್ಲದೆ ದಾರಿ ತಪ್ಪಿ, ಇನ್ನೊಂದು ಮಾತಾಗಿ ಹೊರಬಿತ್ತು.

"ಅಮ್ಮಾ, ನಂಗೆ... ಸ್ವಲ್ಪ... ಶುಗರ್ರು."

ದಾಕ್ಷಾಯಣಮ್ಮನವರು ತಟ್ಟೆಯನ್ನು ಸ್ಕೂಟರಿನ ಸೀಟಿನ ಮೇಲಿಟ್ಟರು.

"ಅಯ್ಯೋ ಶಿವನೇ! ಯಾವಾಗಿಂದಪ್ಪಾ?"

"ಈಗ್ತಾನೆ," ಎಂದ ಮಧುಸೂದನ. ಅಷ್ಟರಮಟ್ಟಿಗೆ ಅವನು ಹೇಳಿದ್ದು ಸತ್ಯವೇ ಆಗಿತ್ತು.

ಅವನು ಮೆಟ್ಟಿಲು ಹತ್ತಿ ಮೇಲೆ ಬಂದು ಕಾಲು ತೊಳೆಯುವಷ್ಟರಲ್ಲಿ ದಾಕ್ಷಾಯಣಮ್ಮನವರು ಫೋನಿನಲ್ಲಿ ಸುಪ್ರಜಾಳಿಗೆ ಸಮಾಧಾನ ಹೇಳಿ ಮುಗಿಸಿದ್ದರು. ಸುಪ್ರಜಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಕೆಳಗಿನ ಮನೆಯೋರಿಗೆ ಹೇಳಿದೀರ. ನಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ ರೀ?"

"ಅಯ್ಯೋ, ನಂಗೆ ಶುಗರ್ರೂ ಇಲ್ಲ ಏನೂ ಇಲ್ಲ ಕಣೇ! ಮೈಸೂರುಪಾಕು ತಪ್ಪಿಸ್ಕೊಳ್ಳೋಕೆ ಹೇಳ್ದೆ."

"ನಮ್ಮಪ್ಪನೂ ಹಿಂಗೇ ಅಂತಿದ್ರು. ಇಲ್ಲ ಇಲ್ಲ ಅಂತಾನೇ ಕಣ್ಣು ಮಂಜಾಗೋವರೆಗೂ ತಳ್ಳಿದ್ರು." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ನಿಜವಾಗ್ಲೂ ಇಲ್ದಿದ್ರೆ ನಡೀರಿ, ಈಗ್ಲೇ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರೋಣ."

ರಕ್ತ ಎಂದ ಕೂಡಲೆ ಮಧುಸೂದನನ ಹಣೆಯ ಮೇಲೆ ಬೆವರು ಮೂಡಿತು.

"ನೋಡಿ, ಬೆವರ್ತಿದೀರ. ಅದೂ ಒಂದು ಲಕ್ಷಣ," ಎಂದಳು ಸುಪ್ರಜಾ. ಲೆಕ್ಕದಲ್ಲಿ ಅವಳು ಎಂದೂ ತಪ್ಪಿದವಳಲ್ಲ.

ಬೆಳಗಾದ ಕೂಡಲೆ ಮಧುಸೂದನ ನಿಜ ಹೇಳಿಬಿಡುವ ದೃಢನಿರ್ಧಾರದಿಂದ ಕೆಳಗಿಳಿದ. ನಿರ್ಧಾರ ನಾಲ್ಕನೇ ಮೆಟ್ಟಿಲವರೆಗೆ ಗಟ್ಟಿಯಾಗಿಯೇ ಇತ್ತು. ಅಲ್ಲಿ ಶಿವರುದ್ರಪ್ಪನವರು ಎದುರಾದರು. ಅವರ ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿಕೊಂಡ ಒಂದು ಭಾರಿ ಬೆಲ್ಲದ ಅಚ್ಚು.

"ಏನ್ರೀ ಮಧು! ಹೆದರ್ಬೇಡ್ರೀ! ನಾನಿದೀನಿ!" ಎಂದು ಅವರು ಅಭಯ ಕೊಟ್ಟದ್ದು ಹಾಲಿನವನಿಗೂ, ಪೇಪರಿನವನಿಗೂ, ಎದುರುಮನೆಯವರಿಗೂ ಕೇಳಿತು. "ಸಕ್ಕರೆ ಅನ್ನೋದು ಫ್ಯಾಕ್ಟರಿ ಮಾಲು. ವಿಷ. ಬೆಲ್ಲ ಅಂದ್ರೆ ಭೂಮ್ತಾಯಿ ಕೊಟ್ಟಿದ್ದು. ಇವತ್ತಿಂದ ಸಕ್ಕರೆ ಬಿಟ್ಬಿಡಿ, ಬರೀ ಬೆಲ್ಲ ತಿನ್ರಿ. ಶುಗರ್ರು ತಾನಾಗೇ ಓಡೋಗತ್ತೆ. ನನ್ನ ನೋಡ್ರೀ, ಸಕ್ಕರೆ ನಾಲಿಗೆಗೆ ಸೋಕ್ಸಿದೋನಲ್ಲ. ಊಟಕ್ಕೆ ಮುಂಚೆ ಒಂದು ಉಂಡೆ, ಊಟ ಆದ್ಮೇಲೆ ಒಂದು ಉಂಡೆ. ಹೆಂಗಿದೀನಿ?"

ಶಿವರುದ್ರಪ್ಪನವರು ಕಲ್ಲುಗುಂಡಿನಂತೆ ಇದ್ದರು. ನಿಜ ಹೇಳಲು ಬಾಯಿ ತೆರೆದ ಮಧುಸೂದನನ ಬಾಯಿಗೆ ಅವರು ಅಚ್ಚಿನ ಮೂಲೆಯಿಂದ ಒಂದು ಚೂರು ಮುರಿದು ಹಾಕಿದರು. ಹೊಸ ಬೆಲ್ಲ, ಕಬ್ಬಿನ ಘಮ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಮಧುಸೂದನನಿಗೆ ಸಿಹಿ ಎಂದರೆ ಪ್ರಾಣ. ಬಾಯಲ್ಲಿ ಬೆಲ್ಲ ಕರಗುತ್ತ ಹೋದಂತೆ ಸತ್ಯ ಹೇಳುವ ಅವಸರವೂ ಕರಗಿಹೋಯಿತು.

ಅಭಯವಾಕ್ಯ ಕೇಳಿಸಿಕೊಂಡ ಎದುರುಮನೆಯ ಶೀನಣ್ಣ ಅಂದೇ ಮಧ್ಯಾಹ್ನ ಹಾಜರಾದರು. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಸಂಘದ ಚುನಾವಣೆಯಲ್ಲಿ ಪ್ರತಿಸಲವೂ ಶಿವರುದ್ರಪ್ಪನವರ ಎದುರು ನಿಂತು ಪ್ರತಿಸಲವೂ ಸೋಲುವವರು. ಶಿವರುದ್ರಪ್ಪನವರು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದರೂ ಅದನ್ನು ಮರುಪರಿಶೀಲಿಸಬೇಕು ಎನ್ನುವವರು.

"ಬೆಲ್ಲಾನ ಕೊಪ್ಪರಿಗೇಲಿ ಕುದಿಸ್ತಾರಯ್ಯಾ! ಬೆಂಕಿ ಮೇಲೆ ಇಟ್ಮೇಲೆ ನ್ಯಾಚುರಲ್ ಎಲ್ಲಿ ಬಂತು?" ಎಂದು ಅವರು ಮೇಜಿನ ಮೇಲೆ ದೊಡ್ಡ ಬಾಟಲಿಯೊಂದನ್ನು ಇಟ್ಟರು. "ಇದು ನೋಡು. ಕಾಡು ಜೇನು. ಬೆಂಕಿ ಇಲ್ಲ, ಗಾಣ ಇಲ್ಲ, ಮನುಷ್ಯನ ಕೈ ಸೋಕಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಬಿಸಿನೀರಿಗೆ ಎರಡು ದೊಡ್ಡ ಚಮಚ. ನಿನ್ನ ಹೆಸರಲ್ಲೇ ಮಧು ಇದೆ, ಅದು ನಿಂಗೇನು ಮಾಡತ್ತೆ?"

ಮಧುಸೂದನನಿಗೆ ‘ಬೇಡ’ ಎನ್ನಲು ಬರುತ್ತಿರಲಿಲ್ಲ ಎಂಬುದನ್ನು ಆಗಲೇ ಹೇಳಿದೆ.

ಸುದ್ದಿ ಮಲ್ಲೇಶ್ವರ ಮುಟ್ಟಿದ್ದು ದೀಪಾವಳಿಯ ಹೊತ್ತಿಗೆ. ಅಲ್ಲಿಂದ ಅವನ ಚಿಕ್ಕಮ್ಮ ಕಾವೇರಮ್ಮ ಮೆಟ್ರೋ ಹತ್ತಿ, ಮಡಿಲಲ್ಲಿ ಸ್ಟೀಲ್ ಡಬ್ಬ ಇಟ್ಟುಕೊಂಡು ಬಂದರು. ಡಬ್ಬದಲ್ಲಿ ಖರ್ಜೂರದ ಉಂಡೆ, ತೆಂಗಿನ ಸಕ್ಕರೆ ಹಾಕಿದ ಕೊಬ್ಬರಿ ಮಿಠಾಯಿ.

"ತೆಂಗಿನ ಸಕ್ಕರೇಲಿ ಅದೇನೋ ಇಂಡೆಕ್ಸು ಕಮ್ಮಿಯಂತೆ ಕಣೋ. ಕಮ್ಮಿ ಇರೋದ್ರಿಂದ ಜಾಸ್ತಿ ತಿನ್ಬೋದು," ಎಂದು ಅವರು ವಿವರಿಸಿದರು. "ಖರ್ಜೂರ ಅಂತೂ ಹಣ್ಣು. ಹಣ್ಣು ತಿಂದು ಯಾರಿಗಾದ್ರೂ ಏನಾದ್ರೂ ಆಗಿದ್ಯಾ?"

ಕಚೇರಿಯಲ್ಲೂ ಮಧುಸೂದನನ ಸ್ಥಾನಮಾನ ಬದಲಾಯಿತು. ಸೂಪರಿಂಟೆಂಡೆಂಟ್ ಬೈರಯ್ಯನವರು ಸಾಮಾನ್ಯವಾಗಿ ಯಾರ ಮೇಲೂ ಕರುಣೆ ತೋರಿಸುವ ಅಧಿಕಾರಿಯಲ್ಲ. ಅಂಥವರು ಸ್ವತಃ ನಿಂತು ಇವನ ಮೇಜನ್ನು ಕಿಟಕಿಯ ಪಕ್ಕದಿಂದ ಎತ್ತಿಸಿ ಶೌಚಾಲಯದ ಬಾಗಿಲಿಗೆ ತಾಗಿಸಿ ಹಾಕಿಸಿದರು. "ಶುಗರ್ ಇರೋರಿಗೆ ಪದೇ ಪದೇ ಹೋಗ್ಬೇಕಾಗತ್ತಪ್ಪ. ಸಂಕೋಚ ಪಟ್ಕೋಬೇಡ," ಎಂದು ಬೆನ್ನು ತಟ್ಟಿದರು. ಕಿಟಕಿಯ ಗಾಳಿ ಬಿಟ್ಟು ಬೇರೊಂದು ಗಾಳಿಯಲ್ಲಿ ಕುಳಿತ ಮಧುಸೂದನ ಅವರಿಗೆ ಥ್ಯಾಂಕ್ಸ್ ಹೇಳಿದ.

ಇತ್ತ ಮನೆಯಲ್ಲಿ ಸುಪ್ರಜಾ ಅನ್ನಕ್ಕೆ ಬೀಗ ಹಾಕಿದ್ದಳು. ರಾಗಿ ರೊಟ್ಟಿ, ಮೆಂತ್ಯದ ಸಾರು, ಹುಳಿಯೂ ಹಾಕದ ಹಾಗಲಕಾಯಿ ಪಲ್ಯ. ಅವನು ಅದನ್ನೂ ಕಣ್ಣು ಮುಚ್ಚಿ ತಿನ್ನುತ್ತಿದ್ದ. ಆದರೆ ಪ್ರತಿ ಊಟಕ್ಕೆ ಮುಂಚೆ ಶಿವರುದ್ರಪ್ಪನವರ ಉಂಡೆ, ಊಟವಾದ ಮೇಲೆ ಚಿಕ್ಕಮ್ಮನ ಉಂಡೆ, ಬೆಳಿಗ್ಗೆ ಎದ್ದ ಕೂಡಲೆ ಶೀನಣ್ಣನವರ ಜೇನು. ಇವೆಲ್ಲ ಔಷಧವಾದ್ದರಿಂದ ಸುಪ್ರಜಾ ತಡೆಯುತ್ತಿರಲಿಲ್ಲ. ಹಿರಿಯರು ಅಕ್ಕರೆಯಿಂದ ಕೊಟ್ಟದ್ದು, ಒಂದೊಂದು ಚೂರು ಇರಬೇಕು ಎಂದುಕೊಂಡಿದ್ದಳು. ಅವಳು ಬೆಳಿಗ್ಗೆಯೇ ಶಾಲೆಗೆ ಹೋಗುತ್ತಿದ್ದಳು, ಅವನ ಔಷಧದ ಬಹುಪಾಲು ಕಚೇರಿಗೆ ಹೋಗುವಾಗ ಬರುವಾಗ ಕೆಳಗಿನ ಜಗುಲಿಯಲ್ಲಿ.

ಸ್ವಲ್ಪ ದಿನ ಕಳೆದ ಮೇಲೆ ಅವಳಿಗೂ ಅನುಮಾನ ಹತ್ತಿತು.

"ಶುಗರ್ ಬಂದೋರು ಸಣ್ಣ ಆಗ್ತಾರೆ ಅಂತಾರಲ್ಲ. ಇವರ ಪ್ಯಾಂಟಿನ ಗುಂಡಿ ಯಾಕೆ ಕಿತ್ಕೊಂಡ್ ಬರ್ತಿದೆ?" ಎಂದು ಒಮ್ಮೆ ಕೆಳಗಿನವರನ್ನು ಕೇಳಿದಳು.

"ಗುಣ ಆಗ್ತಿರೋ ಲಕ್ಷಣ ಕಣಮ್ಮ ಅದು!" ಎಂದರು ಶಿವರುದ್ರಪ್ಪನವರು.

ಸಂಕ್ರಾಂತಿಯ ದಿನ ರಸ್ತೆಯ ಹೆಣ್ಣುಮಕ್ಕಳೆಲ್ಲ ಎಳ್ಳು ಬೀರಲು ಬಂದರು. ಪ್ರತಿಯೊಬ್ಬರೂ ಮಧುಸೂದನನ ಕಣ್ಣೆದುರೇ ಪೊಟ್ಟಣದಿಂದ ಸಕ್ಕರೆ ಅಚ್ಚನ್ನು ಹೊರಗೆ ತೆಗೆದು, ಪಾಪ ಎಂದು ನಿಟ್ಟುಸಿರಿಟ್ಟು, ಆ ಜಾಗಕ್ಕೆ ಇನ್ನೊಂದು ಹಿಡಿ ಬೆಲ್ಲದ ಚೂರು ಸುರಿದು ಹೋದರು. ಈ ದಿನಗಳಲ್ಲಿ ಅವನಿಗೆ ಮಧ್ಯಾಹ್ನ ಕುಳಿತಲ್ಲೇ ನಿದ್ದೆ ಬರುತ್ತಿತ್ತು. ಬಾಯಿ ಒಣಗುತ್ತಿತ್ತು. ಬೈರಯ್ಯನವರು ಹಾಕಿಸಿಕೊಟ್ಟ ಜಾಗ ಕೆಲವೊಮ್ಮೆ ಅನುಕೂಲವೆನಿಸಲು ತೊಡಗಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ರಸ್ತೆ ಎರಡು ಪಕ್ಷವಾಗಿತ್ತು. ಮಧುಸೂದನನ ಮುಖಕ್ಕೆ ಬಂದ ಕಳೆ ಬೆಲ್ಲದಿಂದ ಬಂದದ್ದೋ ಜೇನಿನಿಂದ ಬಂದದ್ದೋ ಎಂಬ ಚರ್ಚೆ ತರಕಾರಿ ಗಾಡಿಯ ಸುತ್ತ ದಿನಾ ನಡೆಯುತ್ತಿತ್ತು. ಕೊನೆಗೆ ಶೀನಣ್ಣನವರು ಸವಾಲು ಹಾಕಿದರು. "ಸಂಘದಿಂದ ಒಂದು ಆರೋಗ್ಯ ಶಿಬಿರ ಇಡ್ಸಿ. ಡಾಕ್ಟರೇ ಬಂದು ಎಲ್ಲರೆದುರಿಗೆ ಟೆಸ್ಟ್ ಮಾಡ್ಲಿ. ಯಾರ ಔಷಧಿ ಅಂತ ಗೊತ್ತಾಗತ್ತೆ."

"ಇಡ್ಸೋಣ್ರೀ! ನಂಗೇನು ಭಯ?" ಎಂದರು ಶಿವರುದ್ರಪ್ಪನವರು.

ಭಯ ಇದ್ದದ್ದು ಮಧುಸೂದನನಿಗೆ. ಊರು ಬಿಟ್ಟು ಹೋಗುವ ಯೋಚನೆಯೂ ಬಂತು. ಆದರೆ ಬೆರಳಿಗೆ ಚುಚ್ಚುವುದು ಇರುವೆ ಕಚ್ಚಿದಷ್ಟೇ ಎಂದು ಸುಪ್ರಜಾ ಆಣೆ ಮಾಡಿ ಹೇಳಿದಳು. ಜೊತೆಗೆ ಅವನ ತಲೆಗೂ ಒಂದು ವಿಚಾರ ಹೊಳೆಯಿತು. ತನಗೆ ಕಾಯಿಲೆಯೇ ಇಲ್ಲ. ಮೆಷಿನ್ನು ಸರಿಯಾದ ಅಂಕಿ ತೋರಿಸುತ್ತದೆ. ಗುಣವಾಯಿತು ಎಂದು ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಬೆಲ್ಲವೋ ಜೇನೋ ಅವರವರೇ ಹೊಡೆದಾಡಿಕೊಳ್ಳಲಿ, ತಾನು ಸುಳ್ಳಿನಿಂದಲೂ ಸೂಜಿಯಿಂದಲೂ ಒಂದೇ ಸಲಕ್ಕೆ ಪಾರು. ಇಷ್ಟು ಚಂದದ ಉಪಾಯ ಅವನಿಗೆ ಜೀವನದಲ್ಲೇ ಹೊಳೆದಿರಲಿಲ್ಲ.

ಶಿಬಿರ ಗಣಪತಿ ದೇವಸ್ಥಾನದ ಪಕ್ಕದ ಸಭಾಂಗಣದಲ್ಲಿ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಬೋರ್ಡು ಹಾಕಿದ್ದರು. ಬೆಳಿಗ್ಗೆಯೇ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದವು. ಚಿಕ್ಕಮ್ಮ ಮಲ್ಲೇಶ್ವರದಿಂದ ಬಂದು ಮೊದಲ ಸಾಲು ಹಿಡಿದಿದ್ದರು. ಶಿವರುದ್ರಪ್ಪನವರು ಸ್ವಲ್ಪ ಕುಂಟುತ್ತ ಓಡಾಡಿ ಏರ್ಪಾಡು ನೋಡುತ್ತಿದ್ದರು. ಹೊಸ ಚಪ್ಪಲಿ ಕಚ್ಚಿ ಬಲಗಾಲಿನ ಬೆರಳಿಗೆ ಗಾಯವಾಗಿತ್ತಂತೆ, ಅದಕ್ಕೊಂದು ಬಟ್ಟೆ ಸುತ್ತಿದ್ದರು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರ್ ಆರಾಧನಾ ಮೇಜಿನ ಮೇಲೆ ಪುಟ್ಟ ಮೆಷಿನ್ನು ಇಟ್ಟುಕೊಂಡು ಕುಳಿತರು. ಚಿಕ್ಕ ವಯಸ್ಸಿನ ಹುಡುಗಿ. ಈ ರಸ್ತೆಯ ಇತಿಹಾಸ ಆಕೆಗೆ ಏನೂ ಗೊತ್ತಿರಲಿಲ್ಲ.

ಮೊದಲು ಮಧುಸೂದನ. ಕಣ್ಣು ಬಿಗಿಯಾಗಿ ಮುಚ್ಚಿ ಕೈ ಚಾಚಿದ. ಚುಕ್ ಎಂದಿತು. ಮೆಷಿನ್ನು ಬೀಪ್ ಎಂದಿತು.

"ನೂರಾ ಎಂಬತ್ತೆಂಟು," ಎಂದರು ಡಾಕ್ಟರು. ಹುಬ್ಬು ಗಂಟಿಕ್ಕಿತು. "ಖಾಲಿ ಹೊಟ್ಟೇಲಿ ಇಷ್ಟಾ? ಏನಾದ್ರೂ ತಿಂದ್ಕೊಂಡ್ ಬಂದಿದೀರಾ ಸರ್?"

"ಇಲ್ಲ ಮೇಡಂ, ಏನೂ ತಿಂದಿಲ್ಲ," ಎಂದ ಮಧುಸೂದನ ಕಣ್ಣು ತೆರೆದು. "ಬರೀ ಜೇನಿನ ನೀರು. ಆಮೇಲೆ ಬೆಲ್ಲ ಹಾಕಿದ ರಾಗಿ ಗಂಜಿ. ಬರ್ತಾ ದಾರೀಲಿ ಎರಡು ಖರ್ಜೂರದ ಉಂಡೆ. ಎಲ್ಲಾ ನ್ಯಾಚುರಲ್ಲು. ಲೆಕ್ಕಕ್ಕೆ ಬರಲ್ಲ."

ಡಾಕ್ಟರ್ ಆರಾಧನಾ ಏನೋ ಹೇಳಲು ಹೋದರು. ಅಷ್ಟರಲ್ಲಿ ಸಭೆಯಲ್ಲಿ ಗದ್ದಲವೆದ್ದಿತು.

"ಇಷ್ಟೆಲ್ಲಾ ಔಷಧಿ ಮಾಡಿದ್ಮೇಲೂ ಇಷ್ಟಿದೆ ಅಂದ್ರೆ ಮೊದ್ಲು ಎಷ್ಟಿತ್ತೋ!" ಎಂದರು ದಾಕ್ಷಾಯಣಮ್ಮನವರು ಎದೆ ಹಿಡಿದುಕೊಂಡು.

"ಜೇನು ಇಲ್ದಿದ್ರೆ ಇಷ್ಟೊತ್ತಿಗೆ ಹೋಗೇಬಿಡ್ತಿದ್ದ," ಎಂದರು ಶೀನಣ್ಣ.

"ಬೆಲ್ಲ ಸಾಲ್ದಾಗಿದೆ! ಉಂಡೆ ಸ್ವಲ್ಪ ದೊಡ್ಡದು ಮಾಡ್ಬೇಕಿತ್ತು!" ಎಂದು ಶಿವರುದ್ರಪ್ಪನವರು ಹಣೆ ಚಚ್ಚಿಕೊಂಡರು.

ಮಧುಸೂದನನಿಗೆ ಇದ್ಯಾವುದೂ ಕೇಳಿಸಲಿಲ್ಲ. ಅವನು ಮೆಷಿನ್ನಿನ ಅಂಕಿಯನ್ನೇ ನೋಡುತ್ತಿದ್ದ. ಇಲ್ಲದ ಕಾಯಿಲೆ ಇದೆ ಎಂದಿದ್ದ. ಅದು ಸುಮ್ಮನೆ ಕೂರದೆ ಹುಡುಕಿಕೊಂಡು ಬಂದಿತ್ತು. ಅವನು ಎದ್ದು ನಿಂತ. ಜೀವನದಲ್ಲಿ ಮೊದಲ ಬಾರಿಗೆ ಅವನ ದನಿ ಶಿವರುದ್ರಪ್ಪನವರ ದನಿಯನ್ನು ಮೀರಿತು.

"ನಂಗೆ ಶುಗರ್ರೇ ಇರ್ಲಿಲ್ಲ! ನೀವೆಲ್ಲಾ ಸೇರ್ಕೊಂಡು ಬರಿಸಿದೀರ!"

ಗದ್ದಲ ಮಾಡುತ್ತಿದ್ದವರೆಲ್ಲ ಅವನ ಕಡೆ ತಿರುಗಿದರು.

"ಏನಪ್ಪಾ ಹಂಗಂದ್ರೆ?" ಎಂದರು ದಾಕ್ಷಾಯಣಮ್ಮನವರು ಮೆಲ್ಲಗೆ. "ಮತ್ತೆ ಆಯುಧಪೂಜೆ ದಿನ ನನ್ನ ಹತ್ರ ಹೇಳಿದ್ದು?"

"ಸುಳ್ಳಮ್ಮ. ನನ್ನ ಹಲ್ಲು ಮುರಿದ್ಹೋಗತ್ತೆ ಅಂತ ಭಯ ಆಗಿ ಹೇಳ್ಬಿಟ್ಟೆ."

"ಹಲ್ಲು ಯಾಕೆ ಮುರಿಯತ್ತೆ?"

ಮಧುಸೂದನ ಸುತ್ತ ನೋಡಿದ. ಒಬ್ಬರೂ ಸಹಾಯಕ್ಕೆ ಬರಲಿಲ್ಲ. ಇಡೀ ರಸ್ತೆ ನೆಲ ನೋಡುತ್ತಿತ್ತು.

"ಮೈಸೂರುಪಾಕು... ಗಟ್ಟಿ ಇತ್ತಮ್ಮ."

ದಾಕ್ಷಾಯಣಮ್ಮನವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದರು. ಕೊನೆಯ ಸಾಲಿನಿಂದ ಯಾರೋ "ಸ್ವಲ್ಪ ಗಟ್ಟಿನೇ" ಎಂದರು. ಇನ್ನೊಬ್ಬರು, "ನಮ್ಮನೇಲಿ ಕುಟ್ಟಾಣೀಲಿ ಹಾಕಿ ಕುಟ್ಕೋತೀವಿ," ಎಂದರು. ದಾಕ್ಷಾಯಣಮ್ಮನವರು ಸೆರಗು ಹೊದ್ದು ಕುಳಿತರು.

ಡಾಕ್ಟರ್ ಆರಾಧನಾ ಎದ್ದು ನಿಂತರು.

"ಬೆಲ್ಲ, ಜೇನು, ಖರ್ಜೂರ, ತೆಂಗಿನ ಸಕ್ಕರೆ, ಇದರಲ್ಲಿ ಯಾವ್ದೂ ಶುಗರ್ರಿಗೆ ಔಷಧಿ ಅಲ್ಲ. ರಕ್ತಕ್ಕೆ ಹೋದ್ಮೇಲೆ ಇವೂ ಹೆಚ್ಚುಕಮ್ಮಿ ಸಕ್ಕರೆ ಮಾಡೋ ಕೆಲಸಾನೇ ಮಾಡೋದು. ಹೊಲದಲ್ಲಿ ಬೆಳೀಲಿ, ಜೇನುಹುಳ ತರ್ಲಿ, ಮೈಗೆ ಆ ವ್ಯತ್ಯಾಸ ಗೊತ್ತಾಗಲ್ಲ."

"ಹಂಗಾದ್ರೆ ನ್ಯಾಚುರಲ್ ಅನ್ನೋದೆಲ್ಲಾ ಸುಳ್ಳಾ?" ಎಂದು ಶೀನಣ್ಣ ಕೆರಳಿದರು.

"ಹಾಗಲ್ಲ ಅಂಕಲ್. ಸ್ಟೀವಿಯಾ ಅಂತ ಒಂದು ಸೊಪ್ಪಿದೆ, ಸಿಹಿ ತುಳಸಿ ಅಂತಾರೆ ಕೆಲವ್ರು. ಅದರ ಸಾರ ಸಿಹಿ ಇರತ್ತೆ, ಶುಗರ್ ಏರ್ಸಲ್ಲ. ಮಾಂಕ್ ಫ್ರೂಟ್ ಅಂತ ಇನ್ನೊಂದು. ಆದ್ರೆ ಪೌಡರ್ ತಗೊಂಡ್ರೆ ಅದ್ರಲ್ಲಿ ಬೇರೇನು ಬೆರೆಸಿದಾರೆ ಅಂತ ಓದ್ಬೇಕು. ಮತ್ತೆ ಅದೂ ಔಷಧಿ ಅಲ್ಲ. ಸಿಹಿ ಇಲ್ದೆ ಇರೋಕಾಗ್ದೇ ಇರೋರಿಗೆ ಒಂದು ದಾರಿ, ಅಷ್ಟೇ." ಆಮೇಲೆ ಮಧುಸೂದನನ ಕಡೆ ತಿರುಗಿದರು. "ಸರ್, ನೀವು ಈಗಷ್ಟೇ ಸಿಹಿ ತಿಂದ್ಕೊಂಡ್ ಬಂದಿದೀರ. ಈ ಅಂಕಿ ಇಟ್ಕೊಂಡು ಕಾಯಿಲೆ ಬಂದೇಬಿಟ್ಟಿದೆ ಅನ್ನೋಕಾಗಲ್ಲ. ತೋಳಿಂದ ರಕ್ತ ತೆಗ್ದು ಮೂರು ತಿಂಗಳ ಸರಾಸರಿ ನೋಡ್ಬೇಕು."

ತೋಳು ಎಂದ ಕೂಡಲೆ ಮಧುಸೂದನ ಎರಡು ಹೆಜ್ಜೆ ಹಿಂದೆ ಸರಿದು ಅಂಗಿಯ ತೋಳನ್ನು ಕೆಳಗೆಳೆದುಕೊಂಡ.

"ಸುಳ್ಳುಗಾರನ ಮಾತು, ಚಿಕ್ಕ ಹುಡುಗಿ ಮಾತು, ಎರಡೂ ನಂಗೆ ಬೇಡ," ಎಂದು ಶಿವರುದ್ರಪ್ಪನವರು ಎದ್ದರು. "ಮೂರು ತಲೆಮಾರಿಂದ ಬೆಲ್ಲ ತೂಗಿದೀವಿ. ನಡಿಯೇ ದಾಕ್ಷಾಯಣಿ." ಹಾಗೆಂದು ಕುಂಟುತ್ತ ಬಾಗಿಲ ಕಡೆ ಹೊರಟರು.

"ಸರ್, ಒಂದ್ನಿಮಿಷ. ಆ ಗಾಯ ಯಾವಾಗ ಆಗಿದ್ದು?" ಎಂದು ಡಾಕ್ಟರು ಕೂಗಿದರು.

"ಚಪ್ಪಲಿ ಕಚ್ಚಿದ್ದಮ್ಮ. ದೀಪಾವಳೀಲಿ."

"ದೀಪಾವಳಿಯಿಂದ ಇನ್ನೂ ಮಾಗಿಲ್ವಾ? ಬನ್ನಿ, ಕೂತ್ಕೊಳ್ಳಿ. ಬೆರಳಿಗೆ ಒಂದು ಚುಚ್ಚಿ ನೋಡೋಣ."

"ನಂಗ್ಯಾಕೆ? ನಾನು ಸಕ್ಕರೆ ಮುಟ್ಟಿದೋನೇ ಅಲ್ಲ!"

ಮಧುಸೂದನ ಆ ಕಾಲನ್ನು ನೋಡಿದ. ಸುತ್ತಿದ ಬಟ್ಟೆಯ ಅಂಚಿನಲ್ಲಿ ಚರ್ಮ ಕಪ್ಪಗಾಗಿತ್ತು. ಊಟಕ್ಕೆ ಮುಂಚೆ ಒಂದು ಉಂಡೆ, ಊಟವಾದ ಮೇಲೆ ಒಂದು ಉಂಡೆ. ತನ್ನದು ದಸರಾದಿಂದ ಈಚೆಯ ಲೆಕ್ಕ, ಅವರದು ಒಂದು ಆಯುಷ್ಯದ ಲೆಕ್ಕ. ಅವನು ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಯಜಮಾನ್ರೇ, ನಾನು ಸುಳ್ಳು ಹೇಳಿದ್ದು ತಪ್ಪೇ. ನಿಮ್ಮ ಕಾಲು ಬೇಕಾದ್ರೂ ಹಿಡೀತೀನಿ. ಒಂದ್ಸಲ ನೋಡಿಸ್ಕೊಂಡ್ಬಿಡಿ."

"ಸರೀರೀ ಪಕ್ಕಕ್ಕೆ. ನೀವೇ ಸೂಜಿ ನೋಡಿದ್ರೆ ಬೀಳ್ತೀರ. ನಂಗೆ ಹೇಳೋಕೆ ಬಂದ್ಬಿಟ್ರು."

"ಹಂಗಾದ್ರೆ ನೋಡಿ," ಎಂದ ಮಧುಸೂದನ. ಸೀದಾ ಮೇಜಿನ ಹತ್ತಿರ ಹೋಗಿ ಕುಳಿತು, ಅಂಗಿಯ ತೋಳು ಮಡಚಿ, ಕೈ ಚಾಚಿದ. "ತೆಗೀರಿ ಮೇಡಂ. ದೊಡ್ಡ ಸೂಜಿನೇ ಹಾಕಿ. ನಾನು ಕೊಟ್ರೆ ಯಜಮಾನ್ರೂ ಕೊಡ್ಬೇಕು. ಎಲ್ಲಾರೂ ಸಾಕ್ಷಿ."

ಸುಪ್ರಜಾ ಓಡಿ ಬಂದು ಅವನ ಇನ್ನೊಂದು ಕೈ ಹಿಡಿದುಕೊಂಡಳು. ಡಾಕ್ಟರು ತೋಳಿಗೆ ಪಟ್ಟಿ ಬಿಗಿದರು. ಈ ಸಲ ಮಧುಸೂದನ ಕಣ್ಣು ಮುಚ್ಚಲಿಲ್ಲ. ಸೂಜಿ ಒಳಗೆ ಹೋದದ್ದನ್ನು, ಕೊಳವೆಯಲ್ಲಿ ಕೆಂಪು ಏರಿದ್ದನ್ನು ಪೂರ್ತಿ ನೋಡಿದ. ಡಾಕ್ಟರು ಹತ್ತಿ ಒತ್ತಿ "ಆಯ್ತು ಸರ್" ಎಂದರು. "ಇಷ್ಟೇನಾ?" ಎಂದು ಮಧುಸೂದನ ನಕ್ಕು, ಆಮೇಲೆ ಗೌರವಯುತವಾಗಿ ಕುರ್ಚಿಯ ಸಮೇತ ಹಿಂದಕ್ಕೆ ಉರುಳಿದ.

ಅವನಿಗೆ ಎಚ್ಚರವಾದಾಗ ತಲೆ ದಾಕ್ಷಾಯಣಮ್ಮನವರ ತೊಡೆಯ ಮೇಲಿತ್ತು. ಆಕೆ ಸಂಘದ ಕರಪತ್ರದಿಂದ ಗಾಳಿ ಬೀಸುತ್ತಿದ್ದರು. ಮೇಜಿನ ಹತ್ತಿರ ಶಿವರುದ್ರಪ್ಪನವರು ಬೆರಳು ಚಾಚಿ ಕುಳಿತಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು. ಮೆಷಿನ್ನು ನಾನೂರು ದಾಟಿತ್ತು.

ಅಂದು ಮಧ್ಯಾಹ್ನವೇ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಕಾರು ಓಡಿಸಿದ್ದು ಶೀನಣ್ಣ. ದಾರಿಯುದ್ದಕ್ಕೂ ಅವರು ಜೇನಿನ ಹೆಸರೆತ್ತಲಿಲ್ಲ. ಇನ್ನೊಂದು ವಾರ ತಡವಾಗಿದ್ದರೆ ಕಾಲಿನ ಬೆರಳು ತೆಗೆಯಬೇಕಾಗುತ್ತಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದರು. ಇನ್ಸುಲಿನ್, ಡ್ರೆಸ್ಸಿಂಗು, ಪಥ್ಯ ಎಂದು ಬಹಳ ದಿನ ಹಿಡಿಯಿತು. ಬೆರಳು ಉಳಿಯಿತು. ಮಧುಸೂದನ ಕಚೇರಿಯಿಂದ ನೇರವಾಗಿ ಅಲ್ಲಿಗೆ ಹೋಗಿ ಕೂರುತ್ತಿದ್ದ. ಮೊದಲ ಎರಡು ದಿನ ಶಿವರುದ್ರಪ್ಪನವರು ಗೋಡೆಯ ಕಡೆ ತಿರುಗಿ ಮಲಗಿದರು. ಮೂರನೆಯ ದಿನ ಗೋಡೆಗೇ ಹೇಳುವವರಂತೆ, "ಊಟ ಆಯ್ತೇನ್ರೀ?" ಎಂದು ಕೇಳಿದರು.

ಮಧುಸೂದನನ ಸರಾಸರಿಯೂ ಬಂತು. ಗಡಿಯ ಹತ್ತಿರ ಬಂದು ನಿಂತಿದೀರಿ, ಇನ್ನೂ ದಾಟಿಲ್ಲ, ನಡೆದರೆ ಹಿಂದಕ್ಕೆ ಬರಬಹುದು ಎಂದರು ಡಾಕ್ಟರ್ ಆರಾಧನಾ. ಆ ರಾತ್ರಿ ಸುಪ್ರಜಾ ತಟ್ಟೆಗೆ ಒಂದು ಹಿಡಿ ಅನ್ನ ಬಡಿಸಿ ಎದುರಿಗೆ ಕುಳಿತಳು.

"ಮೊದಲನೇ ದಿನಾನೇ ನಿಜ ಹೇಳಿದ್ರಿ. ನಾನು ನಂಬ್ಲಿಲ್ಲ. ನಮ್ಮಪ್ಪನ್ನ ನೋಡಿದ್ದ ಕಣ್ಣಲ್ಲಿ ನಿಮ್ಮನ್ನ ನೋಡ್ಬಿಟ್ಟೆ."

"ಹೋಗ್ಲಿ ಬಿಡು. ನಾಳೆಯಿಂದ ಬೆಳಿಗ್ಗೆ ವಾಕಿಂಗ್ ಹೋಗೋಣ್ವಾ?"

"ಹೋಗೋಣ. ಹಾಗಲಕಾಯಿ ಬಿಡ್ಲಾ?"

ಮಧುಸೂದನ ಸ್ವಲ್ಪ ಯೋಚಿಸಿದ. "ಬೇಡ," ಎಂದ. ಆ ಮಾತು ಇಷ್ಟು ಹಗುರವಾಗಿ ಹೊರಬಂದದ್ದು ಕಂಡು ಅವನಿಗೇ ಆಶ್ಚರ್ಯವಾಯಿತು. "ಸ್ವಲ್ಪ ಹುಳಿ ಹಾಕು, ಅಷ್ಟೇ."

ದಾಕ್ಷಾಯಣಮ್ಮನವರು ಸ್ಟೀವಿಯಾದ ಎರಡು ಕುಂಡ ತಂದಿಟ್ಟು ಪ್ರಯೋಗಕ್ಕಿಳಿದರು. ಆ ಸೊಪ್ಪಿನ ಮೊದಲ ಪಾಯಸವನ್ನು ಮಧುಸೂದನನ ಕೈಗೇ ಕೊಟ್ಟು, "ನೀನೊಬ್ನೇ ನಿಜ ಹೇಳೋನು, ಹೇಳು" ಎಂದರು. ಅವನು ಕುಡಿದು, "ಕಷಾಯಕ್ಕೆ ಸಿಹಿ ಹಾಕಿದ ಹಾಗಿದೆ ಅಮ್ಮ" ಎಂದ. ಸೊಪ್ಪು ಕಮ್ಮಿ ಮಾಡಿದರು. ಐದಾರು ಸಲವಾದ ಮೇಲೆ ಕುಡಿಯುವಂಥದ್ದು ಬಂತು. ಶೀನಣ್ಣನವರು ಅದನ್ನು ಎರಡನೇ ಸಲ ಹಾಕಿಸಿಕೊಂಡರು.

ಆಷಾಢದ ಹೊತ್ತಿಗೆ ಶಿವರುದ್ರಪ್ಪನವರು ಮತ್ತೆ ಮಂಡಿಗೆ ಹೋಗಲು ಶುರುಮಾಡಿದರು. ಒಂದು ಶನಿವಾರ ಮಧುಸೂದನ ತರಗುಪೇಟೆಯ ಕಡೆ ಹೋದವನು ಅವರನ್ನು ಕಂಡು ಬರೋಣವೆಂದು ಒಳಗೆ ಕಾಲಿಟ್ಟ. ಅವರು ಗದ್ದಿಗೆಯ ಮೇಲೆ ಕುಳಿತಿದ್ದರು. ಎದುರಿಗೆ ಕೈಚೀಲ ಹಿಡಿದ ಗಿರಾಕಿಯೊಬ್ಬರು.

"ಎರಡು ಅಚ್ಚು ಕೊಡಿ ಸ್ವಾಮಿ. ಶುಗರ್ ಬಂದ್ಬಿಟ್ಟಿದೆ. ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದೀನಿ."

"ಕೊಡಲ್ಲ," ಎಂದರು ಶಿವರುದ್ರಪ್ಪನವರು.

"ಏನು?"

"ನಿಮ್ಗೆ ಕೊಡಲ್ಲ ಅಂದೆ. ಮನೆಯೋರಿಗೆ ಹೋಳಿಗೆಗೆ ಅಂದ್ರೆ ಅರ್ಧ ಅಚ್ಚು ತಗೊಂಡ್ಹೋಗಿ. ನಿಮ್ ಶುಗರ್ರಿಗೆ ಅಂದ್ರೆ ಒಂದು ಚೂರೂ ಇಲ್ಲ. ಬೆಲ್ಲಾನೂ ಏರ್ಸತ್ತೆ ಸ್ವಾಮಿ. ಡಾಕ್ಟ್ರನ್ನ ಕೇಳಿ."

ಗಿರಾಕಿ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. ಬೆಲ್ಲದ ಮಂಡಿಯವನು ಬೆಲ್ಲ ಬೇಡ ಎನ್ನುತ್ತಾನೆಂದರೆ ಮಾಲಿನಲ್ಲೇ ಏನೋ ದೋಷವಿರಬೇಕು ಎಂಬ ಸಹಜ ತೀರ್ಮಾನಕ್ಕೆ ಬಂದು, "ಹಳೇ ಸ್ಟಾಕು ಅಂತ ಹೇಳ್ಬಾರ್ದಾ?" ಎಂದು ಗೊಣಗಿ ಪಕ್ಕದ ಮಂಡಿಯ ಕಡೆ ಹೊರಟರು.

ಶಿವರುದ್ರಪ್ಪನವರು ಪಂಚೆ ಎತ್ತಿ ಕಟ್ಟಿ ಗದ್ದಿಗೆಯಿಂದ ಧುಮುಕಿದರು.

"ಮಧು, ಅಂಗಡಿ ನೋಡ್ಕೊಳ್ರೀ! ಅಲ್ಲಿ ಹೋದ್ರೆ ಆ ಮನುಷ್ಯನಿಗೆ ನಾಲ್ಕು ಅಚ್ಚು ಕಟ್ಟಿ ಕಳಿಸ್ತಾರೆ!"

ಮೂಟೆ ಹೊತ್ತವರ 'ಜಾಗ, ಜಾಗ' ಎಂಬ ಕೂಗಿನ ನಡುವೆ, ಕೈಗಾಡಿಗಳನ್ನು ತಪ್ಪಿಸುತ್ತ, ಅವರು "ಸ್ವಾಮೀ, ನಿಂತ್ಕೊಳ್ರೀ! ಕೊಳ್ಬೇಡ್ರೀ!" ಎಂದು ಕೂಗಿಕೊಂಡು ಹೋದರು. ಗಿರಾಕಿ ಹಿಂತಿರುಗಿ ನೋಡಿ, ಗಾಬರಿಯಿಂದ ಹೆಜ್ಜೆ ಜೋರು ಮಾಡಿದರು. ಶಿವರುದ್ರಪ್ಪನವರೂ ಜೋರು ಮಾಡಿದರು. ಮಂಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಮಧುಸೂದನನಿಗೆ ಆ ಬಿಳಿ ಪಂಚೆ ಜನರ ನಡುವೆ ಬಹಳ ದೂರದವರೆಗೆ ಕಾಣಿಸಿತು. ಎರಡು ಕಾಲೂ ಸರಿಸಮವಾಗಿ ನೆಲಕ್ಕೆ ಬೀಳುತ್ತಿದ್ದವು.